ಬಿಎಂಐ ‘ನಾರ್ಮಲ್’, ಮನೆಯ ಮಷಿನ್ 27%, ಜಿಮ್ ಮಷಿನ್ 21%: ಯಾವುದನ್ನು ನಂಬುವುದು?

ತುಂಗಾತೀರ (ಪ್ರಶ್ನೆ)

ಗಂಡಸು, ವಯಸ್ಸು 41, ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಆಫೀಸಿನಿಂದ ಮಾಡಿಸಿದ ಹೆಲ್ತ್ ಚೆಕಪ್ ರಿಪೋರ್ಟಿನಲ್ಲಿ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 23.4, ಮುಂದೆ ‘ನಾರ್ಮಲ್’ ಅಂತ ಇದೆ. ಅದೇ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 210, ಎಚ್‌ಬಿಎ1ಸಿ 5.9 (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ), ಸ್ಕ್ಯಾನಿಂಗಿನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಪ್ಯಾಂಟ್ ಸೈಜು 34.

ಮನೆಯಲ್ಲಿರುವ ಬ್ಲೂಟೂತ್ ತೂಕದ ಮಷಿನ್ ಬೆಳಿಗ್ಗೆ ಕೊಬ್ಬು 27% ತೋರಿಸುತ್ತದೆ. ಜಿಮ್‌ನಲ್ಲಿ ಕೈಗೂ ಹಿಡಿಕೆ ಇರುವ ದೊಡ್ಡ ಮಷಿನ್ ಸಂಜೆ ವರ್ಕೌಟ್ ಆದಮೇಲೆ 21% ತೋರಿಸಿತು. ಪ್ರಶ್ನೆಗಳು ಇಷ್ಟು: 23.4 ನಾರ್ಮಲ್ಲೋ ಅಲ್ಲವೋ? ಎರಡು ಮಷಿನ್‌ಗಳಲ್ಲಿ ಯಾವುದು ಸರಿ? ಡೆಕ್ಸಾ ಸ್ಕ್ಯಾನ್ (ಎಕ್ಸ್‌ರೇಯಿಂದ ಮೈಯ ಮೂಳೆ, ಕೊಬ್ಬು ಅಳೆಯುವುದು) ಮಾಡಿಸುವುದು ದಂಡವೋ, ಉಪಯೋಗವೋ?

ಸಮುದಾಯ_ವೈದ್ಯೆ

ಮೊದಲನೆಯದಕ್ಕೆ ಉತ್ತರಿಸುತ್ತೇನೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಅಚ್ಚಾಗಿರುವುದು 18.5ರಿಂದ 24.9ರ ಅಂತರರಾಷ್ಟ್ರೀಯ ಪಟ್ಟಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2004ರಲ್ಲಿ ಏಷ್ಯಾದವರಿಗೆ 23 ಮತ್ತು 27.5 ಎಂಬ ಹೆಚ್ಚುವರಿ ಗೆರೆಗಳನ್ನು ಹಾಕಿಕೊಟ್ಟರು. ನಮ್ಮ ದೇಶದ 2009ರ ಒಮ್ಮತದ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ: 23ರಿಂದ 24.9 ಅಧಿಕ ತೂಕ, 25 ದಾಟಿದರೆ ಬೊಜ್ಜು. ಹೀಗಾಗಿ ಭಾರತೀಯರ ಲೆಕ್ಕದಲ್ಲಿ ನಿಮ್ಮ 23.4 ಗೆರೆಯ ಆಚೆಗಿದೆ. ಆದರೆ ಎತ್ತರ ಅಳೆಯುವಾಗ ಎರಡು ಸೆಂ.ಮೀ. ತಪ್ಪಿದರೂ ಫಲಿತಾಂಶ ಬದಲಾಗುತ್ತದೆ. ಇದೇ 66 ಕೆ.ಜಿ.ಗೆ ಎತ್ತರ 170 ಅಂತ ಬರೆದುಕೊಂಡರೆ 22.8, 166 ಅಂತ ಬರೆದರೆ 24. ಚೆಕಪ್ ಕ್ಯಾಂಪುಗಳಲ್ಲಿ ಚಪ್ಪಲಿ ಬಿಚ್ಚಿಸದೆ, ಹೇಳಿದ ಎತ್ತರವನ್ನೇ ಬರೆದುಕೊಳ್ಳುವುದು ಅಪರೂಪವಲ್ಲ. ಹಾಗಾಗಿ 22.9 ಬಂದವರು ನೆಮ್ಮದಿಯಾಗಿ, 23.1 ಬಂದವರು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಈ ಅಳತೆಯ ಹುಟ್ಟು ಎಲ್ಲಿಯದು ಎಂದು ಗೊತ್ತಿದ್ದರೆ ಅದರ ಮಿತಿಯೂ ಗೊತ್ತಾಗುತ್ತದೆ. ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ, ವಯಸ್ಕರ ತೂಕ ಸರಿಸುಮಾರು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಗುರುತಿಸಿದ. ಅವನ ಕುತೂಹಲ ‘ಸರಾಸರಿ ಮನುಷ್ಯ’ನ ಬಗ್ಗೆ, ರೋಗಿಯ ಬಗ್ಗೆ ಅಲ್ಲ. ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಇದು ಒಳ್ಳೆಯ ಸಾಧನ, ಈಗಲೂ. ಒಬ್ಬ ವ್ಯಕ್ತಿಯ ಮುಂದೆ ನಿಂತಾಗ, ಆ 66 ಕೆ.ಜಿ.ಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಕೊಬ್ಬು ಎಲ್ಲಿ ಕೂತಿದೆ ಎಂಬ ಮೂರನ್ನೂ ಅದು ಹೇಳಲಾರದು. ನಿಮ್ಮ ತೂಕದಲ್ಲಿ ಕೊಬ್ಬು 15% ಇದ್ದರೆ 9.9 ಕೆ.ಜಿ., 27% ಇದ್ದರೆ 17.8 ಕೆ.ಜಿ. ಎಂಟು ಕೆ.ಜಿ. ವ್ಯತ್ಯಾಸವಿದ್ದರೂ ಬಿಎಂಐ ಮಾತ್ರ ಅದೇ 23.4.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ, ತಮ್ಮದೇ ಡೆಕ್ಸಾ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐಯೂ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ಯಾಜ್ಞಿಕ್ ತಂಡ ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳಲ್ಲೂ ಇದೇ ಜಾಡು ಕಂಡಿತು. ಇಂಗ್ಲೆಂಡಿನ ಮಕ್ಕಳಿಗಿಂತ ತೂಕ ಬಹಳ ಕಡಿಮೆ, ಸ್ನಾಯು ಕಡಿಮೆ, ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ತಗ್ಗಿರಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಎಂದು ನೀವು ಬರೆದಿರುವುದು ಇದೇ ಮೈಕಟ್ಟು.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೂ ಬಿಎಂಐ ಒಂದನ್ನೇ ಹಿಡಿದು ಬೊಜ್ಜು ಎನ್ನಬಾರದು, ಸೊಂಟದ ಅಳತೆಯೋ ನೇರ ಕೊಬ್ಬಿನ ಅಳತೆಯೋ ಜೊತೆಗಿರಬೇಕು ಎಂದಿದೆ. ನಿಮಗೆ ಈಗ ತುರ್ತಾಗಿ ಬೇಕಿರುವುದು ಮಷಿನ್ ಅಲ್ಲ, ಟೇಪು. ಪ್ಯಾಂಟ್ ಸೈಜು ಲೆಕ್ಕಕ್ಕಿಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ, ಸೈಜು ಕಂಪನಿಗೊಂದು ಇರುತ್ತದೆ.

ಅಳೆಯುವ ಕ್ರಮ: ಬನಿಯನ್ ಎತ್ತಿ, ಪಂಚೆಯೋ ಪ್ಯಾಂಟೋ ಕೆಳಗೆ ಸರಿಸಿ. ಕಂಕುಳ ನಡುವಿನಿಂದ ನೇರ ಕೆಳಗೆ ಬೆರಳಾಡಿಸಿದರೆ ಕೈಗೆ ಸಿಗುವ ಕೊನೆಯ ಪಕ್ಕೆಲುಬಿನ ಕೆಳಅಂಚಿಗೆ ಪೆನ್ನಿನಲ್ಲಿ ಒಂದು ಗುರುತು. ಸೊಂಟದ ಮೂಳೆಯ ಮೇಲಂಚಿಗೆ ಇನ್ನೊಂದು. ಎರಡರ ನಡುಮಧ್ಯಕ್ಕೆ ಮೂರನೆಯದು. ಇನ್ನೊಂದು ಪಕ್ಕಕ್ಕೂ ಹೀಗೆಯೇ. ಟೇಪು ನಡುವಿನ ಗುರುತುಗಳ ಮೇಲೆ ಹಾದು ನೆಲಕ್ಕೆ ಸಮಾನಾಂತರವಾಗಿರಬೇಕು. ಬೆನ್ನ ಕಡೆ ಜಾರುವುದೇ ಹೆಚ್ಚು, ಕನ್ನಡಿಯಲ್ಲಿ ನೋಡಿ. ಪಾದ ಜೋಡಿಸಿ, ಕೈ ಇಳಿಬಿಟ್ಟು, ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಓದಿ. ಹೊಟ್ಟೆ ಎಳೆದುಕೊಳ್ಳಬಾರದು, ಟೇಪು ಚರ್ಮದಲ್ಲಿ ಹೂತುಕೊಳ್ಳಬಾರದು. ಎರಡು ಸಲ ಅಳೆಯಿರಿ. ಒಂದು ಸೆಂ.ಮೀ. ಒಳಗೆ ಹೊಂದಿದರೆ ಸರಾಸರಿ, ಇಲ್ಲದಿದ್ದರೆ ಎರಡನ್ನೂ ಬಿಟ್ಟು ಮೊದಲಿಂದ. ದರ್ಜಿಯ ಹಳೆ ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ತಾಳೆ ನೋಡಿಕೊಳ್ಳಿ.

ನಮ್ಮವರಿಗೆ ಗೆರೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಇನ್ನೂ ಸುಲಭದ್ದು ಸೊಂಟವನ್ನು ಎತ್ತರದಿಂದ ಭಾಗಿಸುವುದು: 0.5ರ ಒಳಗಿರಬೇಕು, 0.6 ದಾಟಿದರೆ ಅಪಾಯ ಬಹಳ ಹೆಚ್ಚು. ಹೊಕ್ಕುಳ ಮಟ್ಟದಲ್ಲಿ ಮತ್ತು ಕತ್ತಿಗೂ ಒಂದೊಂದು ಅಳತೆ ತೆಗೆದು ಇಲ್ಲಿ ಹಾಕಿ, ಯಾರಾದರೂ ಕೊಬ್ಬಿನ ಶೇಕಡಾ ಲೆಕ್ಕ ಮಾಡಿಕೊಡುತ್ತಾರೆ.

ಕ್ರೀಡಾವಿಜ್ಞಾನ_ಮೈಸೂರು

ಎರಡು ಮಷಿನ್ ಕಥೆ ನಾನು ಹೇಳ್ತೀನಿ. ಎರಡೂ ನಿಮ್ಮ ಕೊಬ್ಬನ್ನು ಅಳೆದಿಲ್ಲ. ಅವು ಅಳೆಯೋದು ಮೈಯೊಳಗೆ ಹರಿಸಿದ ಒಂದು ಸಣ್ಣ ವಿದ್ಯುತ್ತಿಗೆ (ಸಾಮಾನ್ಯವಾಗಿ 50 ಕಿಲೋಹರ್ಟ್ಸ್) ಎಷ್ಟು ಅಡ್ಡಿ ಬಂತು ಅನ್ನೋದನ್ನ. ನೀರು, ಲವಣ ತುಂಬಿದ ಸ್ನಾಯು ವಿದ್ಯುತ್ತನ್ನು ಚೆನ್ನಾಗಿ ಬಿಡುತ್ತೆ, ಕೊಬ್ಬು ಬಿಡಲ್ಲ. ಅಡ್ಡಿಯಿಂದ ಮೈಯ ನೀರನ್ನು ಅಂದಾಜಿಸಿ, ಕೊಬ್ಬಲ್ಲದ ಭಾಗದಲ್ಲಿ 73% ನೀರು ಅಂತ ಇಟ್ಟುಕೊಂಡು ಆ ಭಾಗದ ತೂಕ ತೆಗೆದು, ಒಟ್ಟು ತೂಕದಿಂದ ಕಳೀತಾರೆ. ಉಳಿದದ್ದು ಕೊಬ್ಬು. ನೀರಿನ ಲೆಕ್ಕದ ತಪ್ಪೆಲ್ಲ ಹೋಗಿ ಕೂರೋದು ಕೊಬ್ಬಿನ ಅಂಕಿಯಲ್ಲಿ.

ಮನೆ ಮಷಿನ್‌ನಲ್ಲಿ ವಿದ್ಯುತ್ತು ಒಂದು ಕಾಲಿಂದ ಹತ್ತಿ ಇನ್ನೊಂದು ಕಾಲಿಗೆ ಇಳಿಯುತ್ತೆ. ತೋಳು, ಎದೆ, ಹೊಟ್ಟೆಯ ಮೇಲ್ಭಾಗ ಅದರ ದಾರಿಯಲ್ಲೇ ಇಲ್ಲ. ನಿಮ್ಮ ಕೊಬ್ಬಿರೋದೇ ಹೊಟ್ಟೆಯಲ್ಲಿ. ಜಿಮ್‌ನ ಎಂಟು ಎಲೆಕ್ಟ್ರೋಡ್ ಮಷಿನ್ ಈ ವಿಷಯದಲ್ಲಿ ಉತ್ತಮ. ಅಲ್ಲೂ ಒಂದು ತೊಡಕಿದೆ: ಮುಂಡ ದಪ್ಪ, ಗಿಡ್ಡ, ಹಾಗಾಗಿ ದೇಹದ ತೂಕದಲ್ಲಿ ಅದರ ಪಾಲು ಅರ್ಧದ ಹತ್ತಿರ ಇದ್ರೂ ಒಟ್ಟು ಅಡ್ಡಿಯಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು. ಕೈಕಾಲಿನ ಸದ್ದಲ್ಲಿ ಹೊಟ್ಟೆಯ ದನಿ ಕೇಳಿಸಲ್ಲ. ರಿಪೋರ್ಟಿನಲ್ಲಿ ‘ವಿಸರಲ್ ಫ್ಯಾಟ್ ಲೆವೆಲ್ 9’ ಅಂತೆಲ್ಲ ಬರುತ್ತಲ್ಲ, ಅದು ಸೂತ್ರದ ಅಂದಾಜು. ಕರುಳಿನ ಸುತ್ತಲಿನ ಕೊಬ್ಬನ್ನು ನಿಜವಾಗಿ ನೋಡಬೇಕಾದ್ರೆ ಸಿಟಿ ಅಥವಾ ಎಂಆರ್‌ಐ ಬೇಕು.

ಸಂಜೆ 21% ಬಂದಿದ್ದಕ್ಕೆ ಕಾರಣ ವರ್ಕೌಟ್ ಇರಬಹುದು. ವ್ಯಾಯಾಮ ಆದಮೇಲೆ ಚರ್ಮ ಬಿಸಿಯಾಗಿ, ಚರ್ಮಕ್ಕೆ ರಕ್ತ ನುಗ್ಗಿ, ಅಂಗೈ ಅಂಗಾಲು ಬೆವರಿ ಅಡ್ಡಿ ಇಳಿಯುತ್ತೆ, ಕೊಬ್ಬು ಕಡಿಮೆ ತೋರಿಸುತ್ತೆ. ಬೆಳಿಗ್ಗೆ ಒಣಗಿದ ಅಂಗಾಲು, ರಾತ್ರಿಯೆಲ್ಲ ನೀರಿಲ್ಲದ ಮೈ, ಅಡ್ಡಿ ಹೆಚ್ಚು, ಕೊಬ್ಬೂ ಹೆಚ್ಚು. ಬರಿಗಾಲಲ್ಲಿ ಓಡಾಡಿ ಹಿಮ್ಮಡಿ ಒಡೆದವರಿಗೆ, ಅಂಗಾಲು ದಪ್ಪಗಟ್ಟಿದವರಿಗೆ ಇದು ಇನ್ನೂ ಜಾಸ್ತಿ. ಒದ್ದೆ ಬಟ್ಟೆಯಲ್ಲಿ ಅಂಗಾಲು ಒರೆಸಿ ನಿಂತರೆ ಸ್ವಲ್ಪ ಸುಧಾರಿಸುತ್ತೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಮಷಿನ್ ಮೇಲೆ ನಿಂತು ಅಂಕಿ ಬರೆದುಕೊಳ್ಳಿ, ಒಂದು ಲೀಟರ್ ನೀರು ಕುಡಿದು ಐದು ನಿಮಿಷಕ್ಕೆ ಮತ್ತೆ ನಿಲ್ಲಿ. ತೂಕ 67 ಆಗಿರುತ್ತೆ. ಆದ್ರೆ ಆ ನೀರಿನ್ನೂ ಹೊಟ್ಟೆಯಲ್ಲೇ ಇದೆ, ಸ್ನಾಯುವಿಗೆ ಹೋಗಿಲ್ಲ, ಅಡ್ಡಿ ಹೆಚ್ಚುಕಮ್ಮಿ ಅಷ್ಟೇ. ಕುಡಿದ ನೀರಿನ ಹೆಚ್ಚಿನ ಪಾಲನ್ನು ಮಷಿನ್ ಕೊಬ್ಬಿನ ಖಾತೆಗೆ ಬರೆಯುತ್ತೆ. ಇನ್ನೊಂದು: ಆ್ಯಪ್‌ನಲ್ಲಿ ಎರಡನೇ ಪ್ರೊಫೈಲ್ ಮಾಡಿ, ವಯಸ್ಸು 41ರ ಬದಲು 61 ಹಾಕಿ ನಿಲ್ಲಿ. ಅದೇ ಮೈ, ಬೇರೆ ಅಂಕಿ. ‘ಅಥ್ಲೀಟ್ ಮೋಡ್’ ಒತ್ತಿದ್ರೆ ಕೊಬ್ಬು ಒಂದೇ ಏಟಿಗೆ ಇಳಿಯೋದೂ ಹೀಗೇ. ನೀವು ಟೈಪ್ ಮಾಡಿದ್ದೇ ಅಂಕಿಯ ದೊಡ್ಡ ಪಾಲನ್ನು ತೀರ್ಮಾನಿಸುತ್ತೆ.

ಹಾಗಂತ ಮಷಿನ್ ಬಿಸಾಕಬೇಡಿ. ಒಂದೇ ಮಷಿನ್, ಬೆಳಿಗ್ಗೆ ಎದ್ದು ಮೂತ್ರ ವಿಸರ್ಜನೆ ಮುಗಿಸಿ, ಏನೂ ತಿನ್ನದೆ ಕುಡಿಯದೆ, ಹಿಂದಿನ 12 ಗಂಟೆ ವ್ಯಾಯಾಮ ಇಲ್ಲದೆ, ಹಿಂದಿನ ದಿನ ಮದ್ಯ ಇಲ್ಲದೆ, ಟೈಲ್ಸ್ ನೆಲದ ಮೇಲೆ (ಚಾಪೆ, ಕಾರ್ಪೆಟ್ ಬೇಡ). ವಾರಕ್ಕೆ ಮೂರು ದಿನ ಹೀಗೆ ತೆಗೆದು ವಾರದ ಸರಾಸರಿ ಬರೆದಿಡಿ. ಎರಡು ತಿಂಗಳಲ್ಲಿ ಆ ಸರಾಸರಿ ಯಾವ ಕಡೆ ಹೋಯ್ತು ಅನ್ನೋದು ನಂಬಬಹುದಾದ ವಿಷಯ. ಊಟದಲ್ಲಿ ಅನ್ನ, ಮುದ್ದೆ ಒಮ್ಮೆಲೆ ಕಡಿಮೆ ಮಾಡಿದ ಮೊದಲ ವಾರದ ಇಳಿಕೆಯನ್ನು ಮಾತ್ರ ಕೊಬ್ಬಿನ ಇಳಿಕೆ ಅಂದ್ಕೋಬೇಡಿ. ಪ್ರತಿ ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟ ಸಕ್ಕರೆ) ಜೊತೆ ಸುಮಾರು ಮೂರು ಗ್ರಾಂ ನೀರು ಹೋಗುತ್ತೆ.

ಪೇಸ್‌ಮೇಕರ್ ಇರೋರು ಈ ಮಷಿನ್ ಹತ್ತಲೇಬಾರದು. ಗರ್ಭಿಣಿಯರಿಗೂ ಬೇಡ. ಕಿಡ್ನಿ, ಹೃದಯದ ತೊಂದರೆಯಿಂದ ಕಾಲು ಊದಿಕೊಂಡಿರೋರಿಗೆ ಆ ನೀರನ್ನೇ ಸ್ನಾಯು ಅಂತ ತೋರಿಸುತ್ತೆ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಹೇಳಿದ ಹಾಗೆಯೇ ಅಳೆದೆ. ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ 93, ಹೊಕ್ಕುಳ ಮಟ್ಟದಲ್ಲಿ 94, ಕತ್ತು 37. 34ರ ಪ್ಯಾಂಟು ಅಂದರೆ 86 ಸೆಂ.ಮೀ. ಅಂದುಕೊಂಡಿದ್ದೆ.

ಗರಡಿ_ತರಬೇತುದಾರ

ಸೊಂಟ 93 ಭಾಗಿಸು 168, ಅಂದ್ರೆ 0.55. ಮೇಡಂ ಹೇಳಿದ 90 ಸೆಂ.ಮೀ., 0.5 ಎರಡೂ ಗೆರೆ ದಾಟಿದೀರಿ. ಇನ್ನು ಕೊಬ್ಬಿನ ಶೇಕಡಾ. ಟೇಪಿನಿಂದಲೇ ತೆಗೆಯೋ ಸೂತ್ರ ಅಮೆರಿಕದ ನೌಕಾಪಡೆಗೆ ಹಾಜ್ಡನ್ ಮತ್ತು ಬೆಕೆಟ್ 1984ರಲ್ಲಿ ಮಾಡಿಕೊಟ್ಟದ್ದು. ಮೊಬೈಲ್ ಕ್ಯಾಲ್ಕುಲೇಟರ್ ಅಡ್ಡ ತಿರುಗಿಸಿದ್ರೆ ಲಾಗ್ ಬಟನ್ ಸಿಗುತ್ತೆ (ಹತ್ತರ ಆಧಾರದ್ದು). ಎಲ್ಲ ಸೆಂ.ಮೀ.ನಲ್ಲಿ:

ಗಂಡಸರಿಗೆ ಮೈಯ ಸಾಂದ್ರತೆ = 1.0324 − 0.19077 × ಲಾಗ್(ಹೊಕ್ಕುಳ ಮಟ್ಟದ ಹೊಟ್ಟೆ − ಕತ್ತು) + 0.15456 × ಲಾಗ್(ಎತ್ತರ)

ಹೆಂಗಸರಿಗೆ ಸಾಂದ್ರತೆ = 1.29579 − 0.35004 × ಲಾಗ್(ಸೊಂಟದ ಅತಿ ಸಣ್ಣ ಜಾಗ + ಪೃಷ್ಠದ ಅತಿ ದಪ್ಪ ಜಾಗ − ಕತ್ತು) + 0.22100 × ಲಾಗ್(ಎತ್ತರ)

ಕೊಬ್ಬು % = 495 ÷ ಸಾಂದ್ರತೆ − 450

ನಿಮ್ಮದು 94 − 37 = 57. ಸಾಂದ್ರತೆ 1.0414, ಕೊಬ್ಬು 25.3%. ಹೊಟ್ಟೆ ಎಳೆದುಕೊಂಡು 92 ಅಂತ ಅಳೆದಿದ್ರೆ 24% ಬರ್ತಿತ್ತು. ಕತ್ತಿನ ಟೇಪು ಗಂಟಲ ಮಣಿಯ ಕೆಳಗೆ, ಮುಂದಕ್ಕೆ ತುಸು ಇಳಿಜಾರಾಗಿ ಇರಬೇಕು. ಈ ಸೂತ್ರಕ್ಕೂ ಮೂರ್ನಾಲ್ಕು ಶೇಕಡಾ ಆಚೀಚೆ ಇದ್ದೇ ಇದೆ. ಅದೂ ಅಮೆರಿಕದ ನಾವಿಕರ ಮೇಲೆ ಕಟ್ಟಿದ್ದು, ನಮ್ಮ ಮೈಕಟ್ಟಿಗೆ ಅಲ್ಲ.

ನಮ್ಮ ಕುಸ್ತಿ, ಕಬಡ್ಡಿ ಹುಡುಗರಿಗೆ ಬಿಎಂಐ ಉಲ್ಟಾ ಸುಳ್ಳು ಹೇಳುತ್ತೆ. 27 ಇರುತ್ತೆ, ಹೊಟ್ಟೆ ಹಲಗೆ ಹಾಗಿರುತ್ತೆ. ಇದು ಹೊಸದೇನಲ್ಲ. 1942ರಲ್ಲೇ ಅಮೆರಿಕದ ನೌಕಾಪಡೆ ವೈದ್ಯ ಬೆಂಕೆ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಮೈಯ ಕೊಬ್ಬು ತಿಳಿಯೋಕೆ ನೀರಲ್ಲಿ ಮುಳುಗಿಸಿ ತೂಗಿದ್ರು. ಅಂದಿನ ತೂಕದ ಪಟ್ಟಿ ಹಿಡಿದ್ರೆ 25 ಜನರಲ್ಲಿ 17 ಜನ ಸೇನೆಗೆ ಅನರ್ಹರು. ಅವರಲ್ಲಿ ಹೆಚ್ಚಿನವರ ಮೈಯಲ್ಲಿ ಕೊಬ್ಬೇ ಕಡಿಮೆ.

ಹುಡುಗರಿಗೆ ನಾನು ಹೇಳೋದು ಕ್ಯಾಲಿಪರ್. ಚರ್ಮದ ಮಡಿಕೆ ಹಿಡಿದು ದಪ್ಪ ಅಳೆಯೋದು. ಡರ್ನಿನ್ ಮತ್ತು ವೊಮರ್ಸ್ಲಿ 1974ರಲ್ಲಿ ಹೇಳಿದ ನಾಲ್ಕು ಜಾಗ ಸಾಕು: ತೋಳಿನ ಮುಂದೆ, ತೋಳಿನ ಹಿಂದೆ, ಬೆನ್ನಿನ ರೆಕ್ಕೆ ಮೂಳೆಯ ಕೆಳತುದಿಗೆ ಸ್ವಲ್ಪ ಕೆಳಗೆ, ಸೊಂಟದ ಮೂಳೆಯ ಮೇಲೆ ಪಕ್ಕದಲ್ಲಿ. ಯಾವಾಗಲೂ ಬಲಗಡೆ. ಪೆನ್ನಿನ ಗುರುತಿಗಿಂತ ಒಂದು ಸೆಂ.ಮೀ. ಆಚೆ ಎಡಗೈ ಹೆಬ್ಬೆರಳು ತೋರುಬೆರಳಲ್ಲಿ ಚರ್ಮ ಮತ್ತು ಕೊಬ್ಬನ್ನು ಎತ್ತಿ ಹಿಡೀಬೇಕು, ಒಳಗಿನ ಮಾಂಸಖಂಡ ಸೇರಬಾರದು. ಅನುಮಾನ ಇದ್ರೆ ಹುಡುಗನಿಗೆ ತೋಳು ಬಿಗಿ ಹಿಡಿಯೋಕೆ ಹೇಳಿ, ಖಂಡ ಬೆರಳಿಂದ ಜಾರಿಹೋಗುತ್ತೆ. ಗುರುತಿನ ಮೇಲೆ ಕ್ಯಾಲಿಪರ್ ಇಟ್ಟು ಹಿಡಿಕೆ ಪೂರ್ತಿ ಬಿಟ್ಟು ಎರಡು ಸೆಕೆಂಡಿಗೆ ಓದಿ. ತಡ ಮಾಡಿದ್ರೆ ಕೊಬ್ಬು ಒತ್ತಿ ಅಂಕಿ ಇಳೀತಾ ಹೋಗುತ್ತೆ. ಎಡಗೈ ಬಿಡಬೇಡಿ. ನಾಲ್ಕು ಜಾಗ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಂದ, ಒಂದೇ ಜಾಗದಲ್ಲಿ ಮೇಲಿಂದ ಮೇಲೆ ಬೇಡ. ಬೆವರಿದಾಗ, ಎಣ್ಣೆ ಹಚ್ಚಿದಾಗ, ಅಭ್ಯಾಸ ಮುಗಿದ ತಕ್ಷಣ ಅಳೆಯಬೇಡಿ.

ನಾಲ್ಕರ ಮೊತ್ತವನ್ನು ಮಿಲಿಮೀಟರಲ್ಲೇ ಬರೆದಿಡಿ, ಶೇಕಡಾಕ್ಕೆ ತಿರುಗಿಸೋ ಗೋಜಿಗೆ ಹೋಗಬೇಡಿ. ತಿರುಗಿಸೋ ಕೋಷ್ಟಕ ಗ್ಲಾಸ್ಗೋ ಜನರದ್ದು. ಮೊತ್ತ 62ರಿಂದ 54ಕ್ಕೆ ಬಂದ್ರೆ ಚರ್ಮದಡಿಯ ಕೊಬ್ಬು ಇಳಿದಿದೆ, ಅದಕ್ಕೆ ಸೂತ್ರ ಬೇಡ. ಅಳೆಯೋ ಕೈ ಮಾತ್ರ ಬದಲಾಗಬಾರದು. ಸ್ಪ್ರಿಂಗ್ ಇಲ್ಲದ ಪ್ಲಾಸ್ಟಿಕ್ ಕ್ಯಾಲಿಪರ್‌ನಲ್ಲಿ ಒತ್ತಡ ನಿಮ್ಮ ಬೆರಳಿನದ್ದು, ದಿನಕ್ಕೊಂದು ಥರ. ಒಳ್ಳೆಯದರಲ್ಲಿ ಪ್ರತಿ ಚದರ ಮಿ.ಮೀ.ಗೆ 10 ಗ್ರಾಂ ಒತ್ತಡ ಸ್ಥಿರವಾಗಿರುತ್ತೆ. ತುಂಗಾತೀರ ಅವರೇ, ನಿಮಗೆ ಇದು ಎರಡನೇ ಆಯ್ಕೆ. ಕರುಳಿನ ಸುತ್ತಲಿನ ಕೊಬ್ಬು ಮಡಿಕೆಗೆ ಸಿಗಲ್ಲ.

ತುಂಗಾತೀರ

ಡೆಕ್ಸಾ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಅಮ್ಮನಿಗೆ 68 ವರ್ಷ. ಎತ್ತರ 146, ತೂಕ 48, ಬಿಎಂಐ 22.5. ಹಳೇ ದಾಖಲೆಯಲ್ಲಿ ಎತ್ತರ 151 ಅಂತ ಇದೆ. ಇವರದಾದರೂ ನಾರ್ಮಲ್ ಅಂತ ನಂಬಬಹುದೇ?

ರೇಡಿಯಾಲಜಿ_ಟೆಕ್ನಿಷಿಯನ್

ಸರ್, ಮೊದಲು ನಿಮ್ಮದು. ಡೆಕ್ಸಾ ಎರಡು ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆಯ ಖನಿಜ, ಕೊಬ್ಬು, ಉಳಿದ ಮೃದು ಅಂಗಾಂಶ ಎಂದು ಮೂರಾಗಿ ಬಿಡಿಸುತ್ತದೆ. ವಿಕಿರಣದ ಪ್ರಮಾಣ ಬಹಳ ಕಡಿಮೆ, ಒಂದೆರಡು ದಿನ ಪ್ರಕೃತಿಯಿಂದಲೇ ಬರುವಷ್ಟು. ಆದರೂ ಗರ್ಭಿಣಿಯರಿಗೆ ಮಾಡುವುದಿಲ್ಲ. ಬುಕ್ ಮಾಡುವಾಗ ‘ಡೆಕ್ಸಾ’ ಎಂದಷ್ಟೇ ಹೇಳಿದರೆ ಬೆನ್ನು ಮತ್ತು ತೊಡೆಸಂದಿನ ಮೂಳೆ ಸಾಂದ್ರತೆ ಮಾತ್ರ ಮಾಡಿ ಕಳಿಸುತ್ತಾರೆ. ‘ಹೋಲ್ ಬಾಡಿ, ಬಾಡಿ ಕಾಂಪೊಸಿಷನ್ ರಿಪೋರ್ಟ್ ಸಮೇತ’ ಎಂದು ಕೇಳಿ, ಅವರ ಮಷಿನ್‌ನಲ್ಲಿ ಆ ಸಾಫ್ಟ್‌ವೇರ್ ಇದೆಯೇ ಎಂದೂ ವಿಚಾರಿಸಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರ ವಿಸರ್ಜಿಸಿ ಬನ್ನಿ. ಜಿಪ್, ಹುಕ್, ಬೆಲ್ಟ್ ಇರುವ ಬಟ್ಟೆ ಬೇಡ. ಸರ, ಬಳೆ, ಕಾಲುಂಗುರ ತೆಗೆಯಲು ಎಲ್ಲರಿಗೂ ನೆನಪಿರುತ್ತದೆ. ಬೆಳ್ಳಿ ಉಡಿದಾರ ಮರೆಯುವವರೇ ಹೆಚ್ಚು. ಸೊಂಟಕ್ಕೆ ಅಡ್ಡಲಾಗಿ ಲೋಹದ ಗೆರೆ ಬಂದರೆ, ಬೇಕಾದ ಜಾಗದ ಅಂಕಿಯೇ ಕೆಡುತ್ತದೆ. ಇತ್ತೀಚೆಗೆ ಬೇರಿಯಂ ಅಥವಾ ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡಿಸಿದ್ದರೆ ಮೊದಲೇ ತಿಳಿಸಿ, ಮುಂದೂಡುತ್ತಾರೆ. ಮಲಗಿದಾಗ ಕೈ ತೊಡೆಗೆ ತಾಗಬಾರದು. ತಾಗಿದರೆ ತೋಳಿನ ಮಾಂಸ ಕಾಲಿನ ಲೆಕ್ಕಕ್ಕೆ ಸೇರುತ್ತದೆ.

ಮತ್ತೊಮ್ಮೆ ಮಾಡಿಸುವುದಾದರೆ ಅದೇ ಕೇಂದ್ರ, ಅದೇ ಮಷಿನ್. ಹೋಲಾಜಿಕ್ ಮಷಿನ್‌ನ ಅಂಕಿಯನ್ನು ಜಿಇ ಲೂನಾರ್ ಅಂಕಿಯ ಪಕ್ಕ ಇಟ್ಟು ಹೋಲಿಸುವಂತಿಲ್ಲ. ಬದಲಾವಣೆ ನಿಜವೋ ಅಲ್ಲವೋ ತಿಳಿಯಲು, ಆ ಕೇಂದ್ರದ ಮರುಅಳತೆಯ ದೋಷ (ಒಬ್ಬರನ್ನೇ ಮತ್ತೆ ಅಳೆದಾಗ ಬರುವ ವ್ಯತ್ಯಾಸ) ಕೇಳಿ ಅದನ್ನು 2.77ರಿಂದ ಗುಣಿಸಿ. ದೋಷ 0.3 ಕೆ.ಜಿ. ಇದ್ದರೆ 0.8 ಕೆ.ಜಿ.ಗಿಂತ ಕಡಿಮೆ ವ್ಯತ್ಯಾಸವನ್ನು ಬದಲಾವಣೆ ಎನ್ನಲಾಗದು. ಆರು ತಿಂಗಳಿಗಿಂತ ಮೊದಲು ಮತ್ತೆ ಮಾಡಿಸುವುದು ನನ್ನ ಪ್ರಕಾರ ವ್ಯರ್ಥ. ನಿಜ ಹೇಳಬೇಕೆಂದರೆ ನಿಮಗೆ ಈಗ ಅದರ ಅಗತ್ಯವೇ ಕಾಣುತ್ತಿಲ್ಲ. ಸೊಂಟ 93, ಲಿವರ್‌ನಲ್ಲಿ ಕೊಬ್ಬು, ಎಚ್‌ಬಿಎ1ಸಿ 5.9 ಇರುವಾಗ ಡೆಕ್ಸಾ 24% ಎಂದರೂ 28% ಎಂದರೂ ವೈದ್ಯರು ಹೇಳುವುದು ಬದಲಾಗುವುದಿಲ್ಲ. ಆ ದುಡ್ಡನ್ನು ತಾಯಿಯವರಿಗೆ ಖರ್ಚು ಮಾಡಿ.

ಸಮುದಾಯ_ವೈದ್ಯೆ

ಅಮ್ಮನ ವಿಷಯ ನಿಮ್ಮದಕ್ಕಿಂತ ಬೇಗ ನೋಡಬೇಕಾದ್ದು. ಎತ್ತರ ಐದು ಸೆಂ.ಮೀ. ಇಳಿದಿದೆ. ನಾಲ್ಕು ದಾಟಿದರೆ ಬೆನ್ನಿನ ಕಶೇರುಕ (ಬೆನ್ನುಮೂಳೆಯ ಮಣಿ) ಸದ್ದಿಲ್ಲದೆ ಕುಸಿದಿದೆಯೇ ಎಂದು ನೋಡಲೇಬೇಕು. ಹಳೆಯ ಎತ್ತರ ಹಾಕಿದರೆ ಬಿಎಂಐ 21, ಅಂದರೆ ಬೆನ್ನು ಕುಗ್ಗಿದ್ದರಿಂದಲೇ ಒಂದೂವರೆ ಅಂಕ ಏರಿದೆ. ಈ ವಯಸ್ಸಿನಲ್ಲಿ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದರೂ ತೂಕ ಅಲುಗಾಡುವುದಿಲ್ಲ.

ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಕೂರಿಸಿ, ಮೀನಖಂಡದ ಅತಿ ದಪ್ಪ ಜಾಗಕ್ಕೆ ಟೇಪು ಹಿಡಿಯಿರಿ. ಏಷ್ಯಾದ ತಜ್ಞರ 2019ರ ಮಾನದಂಡದಲ್ಲಿ ಹೆಂಗಸರಿಗೆ 33, ಗಂಡಸರಿಗೆ 34 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮುಂದಿನ ಪರೀಕ್ಷೆ ಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಬೀಳುವಂಥ ಊತವಿದ್ದರೆ ಈ ಅಳತೆ ನಂಬಬೇಡಿ. ಇನ್ನೊಂದು, ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರುವುದು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯು ಸೋತಿದೆ ಎಂದು ಅನುಮಾನಿಸಬೇಕು. ಪಕ್ಕದಲ್ಲಿ ನೀವು ನಿಂತಿರಿ, ಮೊಣಕಾಲು ನೋವಿದ್ದರೆ ಬಲವಂತ ಬೇಡ. ಆಸ್ಪತ್ರೆಯಲ್ಲಿ ಕೈಹಿಡಿತದ ಶಕ್ತಿ ಅಳೆಯುವ ಉಪಕರಣವಿದ್ದರೆ ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆ ಬರಬಾರದು.

ಅವರಿಗೆ ಡೆಕ್ಸಾ ಮಾಡಿಸುವಾಗ ಬೆನ್ನು, ತೊಡೆಸಂದು, ಹೋಲ್ ಬಾಡಿ ಮೂರನ್ನೂ ಒಂದೇ ಸಲ ಕೇಳಿ. ರಿಪೋರ್ಟಿನಲ್ಲಿ ಕೈಕಾಲುಗಳ ಲೀನ್ ಮಾಸ್ (ಕೊಬ್ಬು, ಮೂಳೆ ಬಿಟ್ಟ ಮೃದು ಅಂಗಾಂಶದ ತೂಕ) ಕೂಡಿಸಿ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ ಇರುತ್ತದೆ. ಹೆಂಗಸರಿಗೆ 5.4, ಗಂಡಸರಿಗೆ 7.0 ಕೆಳಮಿತಿ. ಆ ಭಾಗಾಕಾರಕ್ಕೆ ಯಾವ ಎತ್ತರ ಹಾಕಿದ್ದಾರೆ ನೋಡಿಕೊಳ್ಳಿ, 146 ಹಾಕಿದರೆ ಇಲ್ಲೂ ಅಂಕಿ ಉಬ್ಬುತ್ತದೆ. ಹೋಗುವಾಗ 151 ಎಂದಿರುವ ಹಳೇ ದಾಖಲೆಯನ್ನೂ ಒಯ್ಯಿರಿ. ಬೆನ್ನಿನ ಪಕ್ಕದ ಎಕ್ಸ್‌ರೇ ಬೇಕೆಂದು ವೈದ್ಯರು ತೀರ್ಮಾನಿಸಲು ಆ ಒಂದು ಅಂಕಿ ಸಾಕು.